ಊಟದ ಸರದಿಯಿಂದ ಕಾನೂನಿನವರೆಗೆ: ಅಮೆರಿಕದ ಪ್ರಗತಿಪರ ಚರ್ಚುಗಳು ಕೆಲಸ ಮಾಡುವ ಬಗೆ

1990ರ ದಶಕದ ಆರಂಭದಲ್ಲಿ ಬಾಲ್ಟಿಮೋರ್ ನಗರದ ಚರ್ಚುಗಳ ಉಚಿತ ಊಟದ ಸರದಿಯಲ್ಲಿ ಹೊಸ ಮುಖಗಳು ಕಾಣಿಸಿಕೊಂಡವು. ತಟ್ಟೆ ಹಿಡಿದು ನಿಂತವರೆಲ್ಲ ನಿರುದ್ಯೋಗಿಗಳಾಗಿರಲಿಲ್ಲ. ದಿನವೂ ಕೆಲಸಕ್ಕೆ ಹೋಗಿಬರುವವರೂ ಅಲ್ಲಿದ್ದರು, ಅವರ ಸಂಖ್ಯೆ ಏರುತ್ತಲೂ ಇತ್ತು. ಕೆಲವರು ದುಡಿಯುತ್ತಿದ್ದುದು ನಗರಾಡಳಿತದ ಗುತ್ತಿಗೆ ಹಿಡಿದ ಕಂಪನಿಗಳಲ್ಲೇ. ಆಗಿನ ಫೆಡರಲ್ ಕನಿಷ್ಠ ಕೂಲಿ ಗಂಟೆಗೆ 4.25 ಡಾಲರ್. ವಾರಕ್ಕೆ 40 ಗಂಟೆಯಂತೆ 52 ವಾರ, ಒಂದು ದಿನವೂ ತಪ್ಪಿಸದೆ ದುಡಿದರೆ ಸಿಗುವುದು 8,840 ಡಾಲರ್. ನಾಲ್ವರ ಕುಟುಂಬಕ್ಕೆ ಸರ್ಕಾರವೇ ಗೊತ್ತುಮಾಡಿದ್ದ ಬಡತನದ ಗೆರೆ 15,000 ಡಾಲರ್ ಆಸುಪಾಸಿನಲ್ಲಿತ್ತು. ತನ್ನ ಕಟ್ಟಡ ಗುಡಿಸುವವರಿಗೆ ನಗರ ಕೊಡದೆ ಉಳಿಸಿಕೊಂಡದ್ದನ್ನು ಚರ್ಚಿನ ಅಡುಗೆಮನೆ ತುಂಬಿಕೊಡುತ್ತಿತ್ತು.

ಅಲ್ಲಿನ ಚರ್ಚುಗಳು 1977ರಲ್ಲಿ ಕಟ್ಟಿಕೊಂಡಿದ್ದ 'ಬಿಲ್ಡ್' ಎಂಬ ಒಕ್ಕೂಟ ಸರ್ಕಾರಿ ನೌಕರರ ಕಾರ್ಮಿಕ ಸಂಘದ ಜೊತೆ ಸೇರಿ ಈ ಲೆಕ್ಕವನ್ನು ನಗರಸಭೆಯ ಮುಂದಿಟ್ಟಿತು. 1994ರ ಡಿಸೆಂಬರಿನಲ್ಲಿ ಕಾಯ್ದೆಯಾಯಿತು: ನಗರದ ಸೇವಾ ಗುತ್ತಿಗೆ ಹಿಡಿದವರು ಕಾರ್ಮಿಕರಿಗೆ ಗಂಟೆಗೆ 6.10 ಡಾಲರಿನಿಂದ ಶುರುಮಾಡಿ ಹಂತಹಂತವಾಗಿ 7.70 ಡಾಲರ್ ಕೊಡಬೇಕು. 7.70 ಸುಮ್ಮನೆ ಹೊಳೆದ ಅಂಕಿಯಲ್ಲ. ಅದನ್ನು ವರ್ಷದ 2,080 ಗಂಟೆಗಳಿಂದ ಗುಣಿಸಿದರೆ 16,016 ಆಗುತ್ತದೆ. ನಾಲ್ವರ ಸಂಸಾರ ಬಡತನದ ಗೆರೆಯಿಂದ ಒಂದಿಷ್ಟು ಮೇಲೆ ಬರುತ್ತದೆ, ಅಷ್ಟೇ. ಆಮೇಲೆ ಅಮೆರಿಕದ ಅನೇಕ ನಗರಗಳು ತಂದ ಜೀವನಯೋಗ್ಯ ವೇತನದ ಕಾಯ್ದೆಗಳಿಗೆ ಈ ಕಾಯ್ದೆಯೇ ಮಾದರಿಯಾಯಿತು.

ಊಟದ ಸರದಿಗೂ ಕಾಯ್ದೆಗೂ ನಡುವೆ ಏನು ನಡೆಯುತ್ತದೆ ಎಂಬುದು ಹೊರಗಿನವರಿಗೆ ಅಷ್ಟಾಗಿ ಕಾಣುವುದಿಲ್ಲ. ಪತ್ರಿಕೆಗಳಲ್ಲಿ ಬರುವುದು ನಿಲುವಂಗಿ ತೊಟ್ಟ ಪಾದ್ರಿಗಳು ಫಲಕ ಹಿಡಿದು ನಿಂತ ಚಿತ್ರ. ಅದು ಇಡೀ ಕೆಲಸದಲ್ಲಿ ತೀರ ಚಿಕ್ಕ ಪಾಲು.

ಬೇರು ಎಲ್ಲಿದೆ

ಈ ಸೇವೆಗೆ ಶಾಸ್ತ್ರಾಧಾರವಾಗಿ ಎಲ್ಲರೂ ಹೇಳುವ ಬೈಬಲಿನ ವಚನಗಳು ಗೊತ್ತಿದ್ದವೇ. ನ್ಯಾಯ ನೀರಿನಂತೆ ಹರಿಯಲಿ ಎನ್ನುವ ಆಮೋಸ, ಬಡವರಿಗೆ ಶುಭವಾರ್ತೆ ಸಾರಲು ಬಂದೆನೆನ್ನುವ ಲೂಕನ ನಾಲ್ಕನೆಯ ಅಧ್ಯಾಯ, ಹಸಿದವನಿಗೆ ಕೊಟ್ಟದ್ದು ನನಗೇ ಕೊಟ್ಟಂತೆ ಎನ್ನುವ ಮತ್ತಾಯನ ಇಪ್ಪತ್ತೈದನೆಯ ಅಧ್ಯಾಯ. ಆದರೆ ಬೀದಿಗಿಳಿದು ಕೆಲಸ ಮಾಡುವವರು ಹೆಚ್ಚು ಓದುವುದು ನೆಹೆಮೀಯನ ಐದನೆಯ ಅಧ್ಯಾಯವನ್ನು. ಬರಗಾಲದಲ್ಲಿ ಹೊಲ, ದ್ರಾಕ್ಷಿತೋಟ, ಮನೆ ಎಲ್ಲವನ್ನೂ ಒತ್ತೆಯಿಟ್ಟು, ಮಕ್ಕಳನ್ನೂ ಜೀತಕ್ಕೆ ಕಳಿಸಿದ ಜನರ ಗೋಳು ಯೆಹೂದದ ಅಧಿಪತಿ ನೆಹೆಮೀಯನ ಕಿವಿಗೆ ಬೀಳುತ್ತದೆ. ಅವನು ಮೊದಲು ಸಿಟ್ಟಾಗುತ್ತಾನೆ, ಆಮೇಲೆ ಯೋಚಿಸುತ್ತಾನೆ, ಅನಂತರ ದೊಡ್ಡ ಸಭೆ ಕರೆಯುತ್ತಾನೆ. ಹೊಲ ಮನೆಗಳನ್ನೂ ಬಡ್ಡಿಯಾಗಿ ವಸೂಲಿ ಮಾಡಿದ ನೂರರಲ್ಲಿ ಒಂದು ಪಾಲನ್ನೂ ಹಿಂದಿರುಗಿಸಿ ಎಂದು ಶ್ರೀಮಂತರಿಗೂ ಅಧಿಕಾರಿಗಳಿಗೂ ಎಲ್ಲರೆದುರು ಹೇಳುತ್ತಾನೆ. ಅವರು ಒಪ್ಪಿದ ಮೇಲೂ ಬಿಡದೆ ಯಾಜಕರನ್ನು ಕರೆಸಿ ಪ್ರಮಾಣ ಮಾಡಿಸುತ್ತಾನೆ. ಕೇಳುವುದು, ಲೆಕ್ಕ ಹಾಕುವುದು, ಜನ ಸೇರಿಸುವುದು, ನಿರ್ದಿಷ್ಟವಾಗಿ ಬೇಡುವುದು, ಮಾತನ್ನು ಕಟ್ಟಿಹಾಕುವುದು ಎಲ್ಲವೂ ಆ ಒಂದೇ ಅಧ್ಯಾಯದಲ್ಲಿವೆ. ಇಂದಿಗೂ ಕೆಲವು ಚರ್ಚ್ ಒಕ್ಕೂಟಗಳು ತಮ್ಮ ವಾರ್ಷಿಕ ಸಾರ್ವಜನಿಕ ಸಭೆಗೆ ನೆಹೆಮೀಯನ ಹೆಸರನ್ನೇ ಇಟ್ಟಿವೆ.

ಅಮೆರಿಕದಲ್ಲಿ ಇದಕ್ಕೆ ಆಧುನಿಕ ರೂಪ ಬಂದದ್ದು 'ಸಾಮಾಜಿಕ ಸುವಾರ್ತೆ' ಚಳವಳಿಯಿಂದ. 1886ರಲ್ಲಿ ನ್ಯೂಯಾರ್ಕಿನ ಹೆಲ್ಸ್ ಕಿಚನ್ ಕೊಳೆಗೇರಿಯ ಅಂಚಿನ ಜರ್ಮನ್ ಬ್ಯಾಪ್ಟಿಸ್ಟ್ ಸಭೆಗೆ (ಒಂದು ಚರ್ಚಿನ ಭಕ್ತಸಮುದಾಯವನ್ನು 'ಸಭೆ' ಎನ್ನುತ್ತಾರೆ) ಪಾಲಕನಾಗಿ, ಅಂದರೆ ಪಾದ್ರಿಯಾಗಿ ಬಂದ ವಾಲ್ಟರ್ ರೌಶೆನ್‌ಬುಷ್ ಅಲ್ಲಿ ಎಷ್ಟೋ ಮಕ್ಕಳನ್ನು ಸಮಾಧಿ ಮಾಡಬೇಕಾಯಿತು. ಪಾಪ ಒಬ್ಬೊಬ್ಬರ ಎದೆಯಲ್ಲಷ್ಟೇ ಅಲ್ಲ, ವ್ಯವಸ್ಥೆಯಲ್ಲೂ ಇದೆ ಎಂಬ ಅವನ ವಾದ ಹುಟ್ಟಿದ್ದು ಅಲ್ಲಿ. 1908ರಲ್ಲಿ ಮೆಥಡಿಸ್ಟರೂ ಅದೇ ವರ್ಷಾಂತ್ಯಕ್ಕೆ ಚರ್ಚುಗಳ ಫೆಡರಲ್ ಮಂಡಳಿಯೂ 'ಚರ್ಚುಗಳ ಸಾಮಾಜಿಕ ವಿಶ್ವಾಸಪ್ರಮಾಣ'ವನ್ನು ಅಂಗೀಕರಿಸಿದವು. ಬಾಲಕಾರ್ಮಿಕತೆ ನಿಲ್ಲಬೇಕು, ಏಳು ದಿನಕ್ಕೊಂದು ಬಿಡುವು ಬೇಕು, ಬದುಕಲು ಸಾಲುವ ಕೂಲಿ ಬೇಕು ಎಂದು ಅದು ಹೇಳಿತು. ಫೆಡರಲ್ ಕಾಯ್ದೆ ಬಾಲಕಾರ್ಮಿಕತೆಯನ್ನು ಕಟ್ಟಿಹಾಕಿ ಕನಿಷ್ಠ ಕೂಲಿ ಗೊತ್ತುಮಾಡಿದ್ದು 1938ರಲ್ಲಿ. ಠರಾವಿನಿಂದ ಕಾನೂನಿಗೆ ಮೂವತ್ತು ವರ್ಷ!

'ಪ್ರಗತಿಪರ' ಎಂಬ ಹಣೆಪಟ್ಟಿಯನ್ನು ಸ್ವಲ್ಪ ಎಚ್ಚರದಿಂದ ಬಳಸಬೇಕು. ಯುನೈಟೆಡ್ ಚರ್ಚ್ ಆಫ್ ಕ್ರೈಸ್ಟ್, ಎಪಿಸ್ಕೋಪಲ್ ಚರ್ಚಿನಂಥವು ಬೋಧನೆಯಲ್ಲೂ ಉದಾರ. ಆದರೆ ಕೂಲಿ, ವಸತಿ, ಸಾಲದ ಹೋರಾಟಗಳಲ್ಲಿ ಮುಂದೆ ನಿಂತ ಎಷ್ಟೋ ಕಪ್ಪು ಬ್ಯಾಪ್ಟಿಸ್ಟ್ ಸಭೆಗಳೂ ಕ್ಯಾಥೊಲಿಕ್ ಪ್ಯಾರಿಷ್‌ಗಳೂ ಬೋಧನೆಯಲ್ಲಿ ಸಂಪ್ರದಾಯಸ್ಥವೇ.

ಮೊದಲು ಕಿವಿ, ಆಮೇಲೆ ಬಾಯಿ

ಚರ್ಚಿನ ಸಭೆಗಳನ್ನು ಸಂಘಟಿಸುವ ವಿಧಾನ ಬಹುಮಟ್ಟಿಗೆ ಬಂದದ್ದು ಷಿಕಾಗೋದ ಸಾಲ್ ಅಲಿನ್ಸ್ಕಿ 1940ರಲ್ಲಿ ಆರಂಭಿಸಿದ ಇಂಡಸ್ಟ್ರಿಯಲ್ ಏರಿಯಾಸ್ ಫೌಂಡೇಶನ್‌ನಿಂದ. ಅದರ ಮೊದಲ ಪಾಠ ಒಬ್ಬೊಬ್ಬರನ್ನೇ ಕಂಡು ಮಾತಾಡುವುದು. ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಎದುರುಬದುರು ಕೂರಬೇಕು. ಕೈಯಲ್ಲಿ ಪ್ರಶ್ನಾವಳಿ ಇರಬಾರದು, ಸಹಿ ಹಾಕಿಸುವ ಕಾಗದವೂ ಇರಬಾರದು. 'ನಿಮಗೆ ವಸತಿ ಸಮಸ್ಯೆ ಇದೆಯೇ' ಎಂದು ಕೇಳಿದರೆ ಹೌದು, ಇಲ್ಲ ಎಂಬ ಉತ್ತರ ಸಿಕ್ಕಿ ಮಾತು ಅಲ್ಲಿಗೇ ನಿಲ್ಲುತ್ತದೆ. 'ಕಳೆದ ತಿಂಗಳು ಬಾಡಿಗೆ ಕಟ್ಟಲು ಏನನ್ನು ಬಿಟ್ಟುಕೊಟ್ಟಿರಿ' ಎಂದು ಕೇಳಿದರೆ ಔಷಧಿ ಬಿಟ್ಟದ್ದು, ಎರಡನೆಯ ಕೆಲಸ ಹಿಡಿದದ್ದು, ಮಗಳ ಮನೆಗೆ ಸೇರಿಕೊಂಡದ್ದು ಒಂದೊಂದಾಗಿ ಹೊರಬರುತ್ತವೆ. ಈ ಮಾತುಕತೆಯಲ್ಲಿ ಹುಡುಕುವುದು ನೋವನ್ನು ಮಾತ್ರವಲ್ಲ, ಯಾರ ಮಾತಿಗೆ ಇನ್ನೂ ಹತ್ತು ಜನ ಬರುತ್ತಾರೆ ಎಂಬುದನ್ನೂ. ಆರಾಧನೆಯಲ್ಲಿ ಮೊದಲ ಸಾಲಿನಲ್ಲಿ ಕೂರುವವರೇ ಅಂಥವರಾಗಿರಬೇಕೆಂದಿಲ್ಲ. ಅಡುಗೆಮನೆ ನೋಡಿಕೊಳ್ಳುವ ಹೆಂಗಸಿನ ಮಾತಿಗೆ ಹಿರಿಯರ ಮಂಡಳಿಗಿಂತ ಹೆಚ್ಚು ಜನ ಓಗೊಡುವುದುಂಟು.

ಅದರ ನಂತರ ಮನೆಸಭೆಗಳು. ಎಂಟರಿಂದ ಹನ್ನೆರಡು ಜನ, ಒಂದೂವರೆ ಗಂಟೆ, ಒಬ್ಬರು ನಡೆಸುವವರು, ಒಬ್ಬರು ಬರೆದುಕೊಳ್ಳುವವರು. ಹದಿನೈದು ದಾಟಿದರೆ ಇಬ್ಬರೇ ಮಾತಾಡಿ ಉಳಿದವರು ತಲೆಯಾಡಿಸುತ್ತಾರೆ. ಪಾಲಕರು ತಾವೇ ನಡೆಸಲು ಕೂತರಂತೂ ಜನ ಪ್ರಾರ್ಥನೆಯ ವಿಷಯ ಹೇಳತೊಡಗುತ್ತಾರೆ, ಬಾಡಿಗೆಯ ವಿಷಯ ಬಾಯಿಗೆ ಬರುವುದಿಲ್ಲ.

ಕೇಳಿದ್ದನ್ನೆಲ್ಲ ರಾಶಿ ಹಾಕಿದಾಗ 'ಬಡತನ', 'ಜನಾಂಗಭೇದ', 'ಸಾಲ' ಎಂಬ ದೊಡ್ಡ ದೊಡ್ಡ ಮಾತುಗಳು ಕೂಡುತ್ತವೆ. ಅವುಗಳ ಮೇಲೆ ಪ್ರಸಂಗ (ಚರ್ಚಿನ ಧರ್ಮಬೋಧೆ) ಮಾಡಬಹುದು, ಗೆಲ್ಲಲಾಗದು. ಕಷ್ಟದ ಕೆಲಸವೆಂದರೆ ಆ ರಾಶಿಯಿಂದ ಒಂದು ಬೇಡಿಕೆಯನ್ನು ಕತ್ತರಿಸಿ ತೆಗೆಯುವುದು. ಈಡೇರಿತೋ ಇಲ್ಲವೋ ಎಂದು ನೋಡಿದೊಡನೆ ಹೇಳುವಂತಿರಬೇಕು, 'ಆಯಿತು' ಎನ್ನಬಲ್ಲ ಅಧಿಕಾರಿ ಯಾರೆಂದು ಹೆಸರು ಹಿಡಿದು ಹೇಳುವಂತಿರಬೇಕು, ಒಂದೆರಡು ವರ್ಷದಲ್ಲಿ ಮುಗಿಯುವಂತಿರಬೇಕು, ಸಭೆಯನ್ನು ಎರಡು ಹೋಳು ಮಾಡುವಂತಿರಬಾರದು.

ಸಾಲದ ಉದಾಹರಣೆಯನ್ನೇ ಬಿಡಿಸಿ ನೋಡೋಣ. ಅಮೆರಿಕದಲ್ಲಿ 'ಪೇಡೇ ಲೋನ್' ಎಂಬ ಕೈಸಾಲವಿದೆ, ಸಂಬಳದ ದಿನಕ್ಕೆ ತೀರಿಸುವ ಕರಾರು. ಎರಡು ವಾರಕ್ಕೆ 100 ಡಾಲರಿಗೆ 15 ಡಾಲರ್ ಶುಲ್ಕ ಎನ್ನುವುದು ಸಾಮಾನ್ಯ ದರ. 300 ಡಾಲರ್ ಪಡೆದವರು ಎರಡು ವಾರಕ್ಕೆ 45 ಡಾಲರ್ ಸೇರಿಸಿ ಕಟ್ಟಬೇಕು. ಕೈಯಲ್ಲಿ 345 ಇಲ್ಲದವರು ಬರೀ 45 ಕಟ್ಟಿ ಸಾಲವನ್ನು ಮುಂದೂಡುತ್ತಾರೆ. ಹೀಗೆ ಐದು ಸಲ ಮುಂದೂಡಿದರೆ ಹತ್ತು ವಾರದಲ್ಲಿ 225 ಡಾಲರ್ ಹೋಗಿರುತ್ತದೆ, ಅಸಲು 300 ಹಾಗೇ ನಿಂತಿರುತ್ತದೆ. ವರ್ಷಕ್ಕೆ ಲೆಕ್ಕ ಹಾಕಿದರೆ ಬಡ್ಡಿ ಶೇ. 390. ಅದೇ ಸಾಲಕ್ಕೆ ವಾರ್ಷಿಕ ಶೇ. 36ರ ಮಿತಿ ಹಾಕಿದರೆ ಎರಡು ವಾರದ ಬಡ್ಡಿ 4 ಡಾಲರ್ 14 ಸೆಂಟ್. 36 ಎಂಬ ಅಂಕಿಗೂ ಆಧಾರವಿದೆ. ಸೈನಿಕರ ಕುಟುಂಬಗಳಿಗೆ ಕೊಡುವ ಸಾಲಕ್ಕೆ ಅಮೆರಿಕದ ಸಂಸತ್ತು 2006ರಲ್ಲಿ ಅದೇ ಮಿತಿ ಹಾಕಿತ್ತು. ಸೈನಿಕರಿಗೆ ಅನ್ಯಾಯವೆನಿಸುವ ದರ ಮನೆ ಗುಡಿಸುವವರಿಗೆ ಹೇಗೆ ನ್ಯಾಯವಾಗುತ್ತದೆ ಎಂಬ ಪ್ರಶ್ನೆಗೆ ಎದುರಾಳಿಗಳ ಬಳಿ ಸುಲಭದ ಉತ್ತರವಿರಲಿಲ್ಲ.

2016ರಲ್ಲಿ ದಕ್ಷಿಣ ಡಕೋಟ ರಾಜ್ಯದಲ್ಲಿ ಇದೇ ಮಿತಿ ಜನಮತಕ್ಕೆ ಬಂತು. ಮುಂದೆ ನಿಂತವರು ಸ್ಟೀವ್ ಹಿಕಿ ಎಂಬ ಸಂಪ್ರದಾಯಸ್ಥ ಪಾಸ್ಟರ್, ರಿಪಬ್ಲಿಕನ್ ಪಕ್ಷದ ಮಾಜಿ ಶಾಸಕ. ಜೊತೆಗೆ ಒಬಾಮ ಅವರ 2008ರ ಪ್ರಚಾರದಲ್ಲಿ ದೊಡ್ಡ ಹೊಣೆ ಹೊತ್ತಿದ್ದ ಸ್ಟೀವ್ ಹಿಲ್ಡೆಬ್ರಾಂಡ್. ಬೇರೆ ಬಹುತೇಕ ವಿಷಯಗಳಲ್ಲಿ ಇವರಿಬ್ಬರದು ಎಣ್ಣೆ ಸೀಗೆಕಾಯಿ. ಸಾಲ ಕೊಡುವ ಕಂಪನಿಗಳ ಕಡೆಯವರು ಸುಮ್ಮನಿರಲಿಲ್ಲ. ಅದೇ ಮತಪತ್ರದಲ್ಲಿ ಶೇ. 18ರ ಮಿತಿ ಎನ್ನುವ ಇನ್ನೊಂದು ಪ್ರಸ್ತಾಪ ಹಾಕಿಸಿದರು. ಮೇಲ್ನೋಟಕ್ಕೆ ಇನ್ನೂ ಅಗ್ಗ. ಒಳಗೆ ಒಂದು ಸಾಲು: ಸಾಲಗಾರ ಬರಹದಲ್ಲಿ ಒಪ್ಪಿದರೆ ಯಾವ ದರವಾದರೂ ಸರಿ. ಸಾಲದ ಕಾಗದಕ್ಕೆ ಸಹಿ ಹಾಕದೆ ಸಾಲ ಎಲ್ಲಿ ಸಿಗುತ್ತದೆ? ಆ ಒಂದು ಸಾಲನ್ನು ಜನರಿಗೆ ತಿಳಿಯಹೇಳುವುದೇ ಪ್ರಚಾರದ ದೊಡ್ಡ ಕೆಲಸವಾಯಿತು. ಕೊನೆಗೆ ಶೇ. 36ರ ಮಿತಿಗೆ ನಾಲ್ಕರಲ್ಲಿ ಮೂರು ಪಾಲು ಮತ ಬಿತ್ತು, ಇನ್ನೊಂದು ಸೋತಿತು.

ಸಾರ್ವಜನಿಕ ಸಭೆಯ ಒಳಗುಟ್ಟು

ಬೇಡಿಕೆ ಗಟ್ಟಿಯಾದ ಮೇಲೆ ಅಧಿಕಾರಿಯನ್ನು ಸಭೆಗೆ ಕರೆಯುತ್ತಾರೆ. ಅದು ಚರ್ಚಿನಲ್ಲೇ ನಡೆಯುವುದುಂಟು, ಆದರೆ ಆರಾಧನೆಯ ಹಾಗೆ ಅಲ್ಲ. ಅಧ್ಯಕ್ಷತೆ ಪಾಲಕರದಲ್ಲ, ಚರ್ಚಿನ ಸಾಮಾನ್ಯ ಸದಸ್ಯರದು. ಅನುಭವ ಹೇಳುವವರಿಗೆ ಮೂರು ನಿಮಿಷ. ಅದನ್ನು ಮೊದಲೇ ಬರೆದು, ಓದಿಸಿ, ಗಡಿಯಾರ ಇಟ್ಟು ಅಭ್ಯಾಸ ಮಾಡಿಸಿರುತ್ತಾರೆ. ಪ್ರಶ್ನೆಯನ್ನು ಅಧಿಕಾರಿಗೆ ವಾರಗಳ ಮುಂಚೆ ಲಿಖಿತವಾಗಿ ಕಳಿಸಿರುತ್ತಾರೆ, ಬಲೆಗೆ ಬೀಳಿಸಿದಂತಾಗಬಾರದಲ್ಲ. ವೇದಿಕೆಯಲ್ಲಿ ಪ್ರಶ್ನೆ ಒಂದೇ ವಾಕ್ಯದ್ದು, ಉತ್ತರ ಹೌದು ಅಥವಾ ಇಲ್ಲ. ವಿವರಣೆಗೆ ಎರಡು ನಿಮಿಷ. ಇಡೀ ಸಭೆ ಒಂದೂವರೆ ಗಂಟೆಯಲ್ಲಿ ಮುಗಿಯಬೇಕು.

ಕೆಡುವುದು ಹೆಚ್ಚಾಗಿ ಇಲ್ಲೇ. 'ಚರ್ಚುಗಳ ಸೇವೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ' ಎಂದು ಮೇಯರ್ ಶುರುಮಾಡಿ ಹದಿನೈದು ನಿಮಿಷ ಮಾತಾಡುತ್ತಾರೆ, ಜನ ಚಪ್ಪಾಳೆ ತಟ್ಟುತ್ತಾರೆ, ಪ್ರಶ್ನೆಗೆ ಉತ್ತರ ಸಿಕ್ಕಿರುವುದಿಲ್ಲ. ಅಧ್ಯಕ್ಷತೆ ವಹಿಸಿದವರಿಗೆ ನಡುವೆ ತಡೆಯಲು ಸಂಕೋಚ. ಅದಕ್ಕೇ ಈ ತಡೆಯುವ ಕ್ಷಣವನ್ನೇ ಬೇರೆ ಯಾರನ್ನಾದರೂ ಮೇಯರ್ ಮಾಡಿ ಕೂರಿಸಿ ಎರಡು ಮೂರು ಸಲ ಅಭಿನಯಿಸಿ ನೋಡುತ್ತಾರೆ. ಇನ್ನೊಂದು ತೊಡಕು ಜನರ ಲೆಕ್ಕ. 'ನಮ್ಮ ಸಭೆಯಿಂದ ಇನ್ನೂರು ಜನ ಬರುತ್ತಾರೆ' ಎನ್ನುವ ಮಾತಿಗೆ ಬೆಲೆಯಿಲ್ಲ. ಇನ್ನೂರು ಹೆಸರಿನ ಪಟ್ಟಿ ಬೇಕು, ಒಬ್ಬೊಬ್ಬರನ್ನೂ ಕೇಳಿದ್ದು ಯಾರೆಂದು ಎದುರಿಗೆ ಬರೆದಿರಬೇಕು. ಅಷ್ಟಾದರೂ ಅನುಭವಿಗಳು ಅರ್ಧ ಜನರನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ. ಸಾವಿರ ಆಸನದ ಸಭಾಂಗಣದಲ್ಲಿ ನಾನೂರು ಜನ ಕೂತರೆ ಅಧಿಕಾರಿಗೆ ಕಾಣುವುದು ಖಾಲಿ ಕುರ್ಚಿಗಳೇ.

ಎಲ್ಲಿಯವರೆಗೆ ಮಾತಾಡಬಹುದು

ಕಾನೂನಿನ ವಿಷಯದಲ್ಲಿ ಎರಡು ತಪ್ಪುಗಳು ಸಾಮಾನ್ಯ. ಚರ್ಚು ರಾಜಕೀಯದ ಬಗ್ಗೆ ಬಾಯಿಯನ್ನೇ ಬಿಡಬಾರದು ಎನ್ನುವುದು ಒಂದು, ಏನು ಬೇಕಾದರೂ ಹೇಳಬಹುದು ಎನ್ನುವುದು ಇನ್ನೊಂದು. ತೆರಿಗೆ ಸಂಹಿತೆಯ 501(ಸಿ)(3)ನೆಯ ವಿಧಿಯಡಿ ತೆರಿಗೆ ವಿನಾಯಿತಿ ಪಡೆಯುವ ಚರ್ಚುಗಳು ಸಾರ್ವಜನಿಕ ಹುದ್ದೆಯ ಯಾವ ಅಭ್ಯರ್ಥಿಯ ಪರವಾಗಿಯೂ ವಿರುದ್ಧವಾಗಿಯೂ ಪ್ರಚಾರಕ್ಕಿಳಿಯುವಂತಿಲ್ಲ. ಇದನ್ನು 1954ರಲ್ಲಿ ಸೇರಿಸಿದವರು ಆಗ ಸೆನೆಟರ್ ಆಗಿದ್ದ ಲಿಂಡನ್ ಜಾನ್ಸನ್. ಆದರೆ ಮಸೂದೆಯ ಬಗ್ಗೆ ಶಾಸಕರನ್ನು ಒತ್ತಾಯಿಸಬಹುದು. ಅದು ಚರ್ಚಿನ ಒಟ್ಟು ಚಟುವಟಿಕೆಯಲ್ಲಿ ಗಣನೀಯ ಭಾಗವಾಗಬಾರದು, ಅಷ್ಟೇ. 'ಗಣನೀಯ' ಎಂದರೆ ಶೇಕಡಾ ಎಷ್ಟು ಎಂದು ಕಾನೂನು ಹೇಳುವುದಿಲ್ಲ. ಬೇರೆ ದತ್ತಿ ಸಂಸ್ಥೆಗಳು ಖರ್ಚಿನ ನಿಖರ ಮಿತಿಯ ಪದ್ಧತಿಯನ್ನು ಆಯ್ದುಕೊಳ್ಳಬಹುದು, ಚರ್ಚುಗಳಿಗೆ ಆ ಆಯ್ಕೆಯಿಲ್ಲ. ಹಾಗಾಗಿ ಎಚ್ಚರದ ಚರ್ಚುಗಳು ಇಂಥ ಕೆಲಸಕ್ಕೆ ಹೋದ ಸಿಬ್ಬಂದಿಯ ಗಂಟೆಗಳನ್ನೂ ಹಣವನ್ನೂ ಬೇರೆಯೇ ಬರೆದಿಡುತ್ತವೆ. ದಕ್ಷಿಣ ಡಕೋಟದಂಥ ಜನಮತದ ಪ್ರಸ್ತಾಪವೂ ಈ ಲೆಕ್ಕಕ್ಕೇ ಸೇರುತ್ತದೆ. ಅಭ್ಯರ್ಥಿಯ ಪ್ರಚಾರದ ಲೆಕ್ಕಕ್ಕಲ್ಲ.

ಮತದಾರರ ನೋಂದಣಿ ಮಾಡಬಹುದು, ಪಕ್ಷ ನೋಡದೆ. ಅಭ್ಯರ್ಥಿಗಳ ಸಂವಾದ ನಡೆಸಬಹುದು, ಎಲ್ಲರನ್ನೂ ಕರೆದು, ಒಂದೇ ಪ್ರಶ್ನೆ ಕೇಳಿ. ಚುನಾವಣೆಗೆ ಮುಂಚಿನ ಭಾನುವಾರ ಒಬ್ಬ ಅಭ್ಯರ್ಥಿಯನ್ನು ಮಾತ್ರ ವೇದಿಕೆ ಹತ್ತಿಸಿದರೆ ತೊಂದರೆ. ನ್ಯೂಯಾರ್ಕ್ ರಾಜ್ಯದ ಒಂದು ಸಂಪ್ರದಾಯಸ್ಥ ಚರ್ಚು 1992ರಲ್ಲಿ ಕ್ಲಿಂಟನ್‌ಗೆ ಮತ ಹಾಕಬೇಡಿ ಎಂಬರ್ಥದ ಪೂರ್ಣಪುಟದ ಜಾಹೀರಾತು ಕೊಟ್ಟು 1995ರಲ್ಲಿ ತೆರಿಗೆ ವಿನಾಯಿತಿಯ ಮಾನ್ಯತೆ ಕಳೆದುಕೊಂಡಿತು. ಮೇಲ್ಮನವಿ ನ್ಯಾಯಾಲಯ 2000ದಲ್ಲಿ ಅದನ್ನು ಎತ್ತಿಹಿಡಿಯಿತು. ಪ್ರಗತಿಪರರೂ ತಪ್ಪಿಸಿಕೊಳ್ಳಲಿಲ್ಲ: 2004ರ ಚುನಾವಣೆಯ ಹೊಸ್ತಿಲಲ್ಲಿ ಪಸಡೀನಾದ ಆಲ್ ಸೇಂಟ್ಸ್ ಚರ್ಚಿನಲ್ಲಿ ಯುದ್ಧದ ವಿರುದ್ಧ ಮಾಡಿದ ಒಂದು ಪ್ರಸಂಗದ ಮೇಲೆ ತೆರಿಗೆ ಇಲಾಖೆಯ ತನಿಖೆ ನಡೆಯಿತು, 2007ರಲ್ಲಿ ವಿನಾಯಿತಿ ರದ್ದಾಗದೆ ಮುಗಿಯಿತು. 2025ರ ಜುಲೈನಲ್ಲಿ ತೆರಿಗೆ ಇಲಾಖೆ ಟೆಕ್ಸಸ್‌ನ ನ್ಯಾಯಾಲಯವೊಂದರಲ್ಲಿ, ಆರಾಧನೆಯ ಸಂದರ್ಭದಲ್ಲಿ ಚರ್ಚು ತನ್ನ ಸಭೆಗೆ ಧರ್ಮದ ದೃಷ್ಟಿಯಿಂದ ಹೇಳುವ ಮಾತು ಈ ನಿಷೇಧದೊಳಗೆ ಬರುವುದಿಲ್ಲವೆಂಬ ನಿಲುವು ತಳೆಯಿತು. 1954ರ ವಿಧಿಯನ್ನು ಸಂಸತ್ತು ತೆಗೆದುಹಾಕಿದ್ದಲ್ಲ ಅದು. ಈ ಸಡಿಲಿಕೆಯನ್ನು ಬಳಸಿಕೊಳ್ಳಬಹುದಾದರೂ ಬಳಸದಿರುವುದೇ ಜಾಣತನ. ಇಂದು ಹೊಗಳಿದ ಅಭ್ಯರ್ಥಿಯ ಎದುರು ನಾಳೆ ಹೌದು-ಇಲ್ಲ ಪ್ರಶ್ನೆ ಇಡುವ ಬಾಯಿಗೆ ಬಲವೆಲ್ಲಿಯದು?

ಕಾನೂನು ಮುರಿಯುವಾಗ

ಉತ್ತರ ಕೆರೊಲೈನಾದಲ್ಲಿ ಗೋಲ್ಡ್ಸ್‌ಬರೋ ಊರಿನ ಪಾಲಕ, ಆಗ ಕಪ್ಪು ಜನರ ಹಕ್ಕುಗಳ ಸಂಘಟನೆಯಾದ ಎನ್‌ಎಎಸಿಪಿಯ ರಾಜ್ಯ ಅಧ್ಯಕ್ಷರಾಗಿದ್ದ ವಿಲಿಯಂ ಬಾರ್ಬರ್ 2013ರ ಏಪ್ರಿಲ್ 29ರಂದು ಶಾಸನಸಭೆಯ ಕಟ್ಟಡದಲ್ಲಿ 'ಮಾರಲ್ ಮಂಡೇ' ಎಂಬ ಸೋಮವಾರದ ಪ್ರತಿಭಟನೆ ಶುರುಮಾಡಿದರು. ಮೊದಲ ದಿನ ಬಂಧನವಾದವರು 17 ಜನ, ಆ ಅಧಿವೇಶನ ಮುಗಿಯುವ ಹೊತ್ತಿಗೆ 900ಕ್ಕೂ ಹೆಚ್ಚು. ಬಡವರ ಆರೋಗ್ಯ ವಿಮೆಯಾದ ಮೆಡಿಕೇಯ್ಡ್ ವಿಸ್ತರಣೆಗೆ ರಾಜ್ಯ ಒಲ್ಲೆ ಎಂದದ್ದು, ನಿರುದ್ಯೋಗ ಭತ್ಯೆ ಕಡಿದದ್ದು, ಮತದಾನದ ನಿಯಮ ಬಿಗಿ ಮಾಡಹೊರಟದ್ದು ಕಾರಣಗಳು.

ಇಂಥ ಬಂಧನ ಹೊರಗಿಂದ ಭಾವಾವೇಶದಂತೆ ಕಂಡರೂ ಒಳಗೆ ಪೂರ್ತಿ ಪಟ್ಟಿಯ ಕೆಲಸ. ಬಂಧನಕ್ಕೆ ಸಿದ್ಧರಿರುವವರು, ಇಲ್ಲದವರು ಮೊದಲೇ ಬೇರೆಯಾಗಿ ನಿಲ್ಲುತ್ತಾರೆ. ಪೌರತ್ವವಿಲ್ಲದವರು, ವೃತ್ತಿಯ ಪರವಾನಗಿ ಕಳೆದುಕೊಳ್ಳಬಹುದಾದವರು, ಹಳೆಯ ಪ್ರಕರಣ ಬಾಕಿಯಿರುವವರು ಮೊದಲ ಗುಂಪಿಗೆ ಬರಬಾರದೆಂದು ತರಬೇತಿಯಲ್ಲೇ ಖಡಾಖಂಡಿತವಾಗಿ ಹೇಳುತ್ತಾರೆ. ಜೇಬಿನಲ್ಲಿ ಗುರುತಿನ ಚೀಟಿ, ತೋಳಿನ ಮೇಲೆ ವಕೀಲರ ಫೋನ್ ನಂಬರ್, ಸೇವಿಸುವ ಔಷಧಿಯ ವಿವರ ಹೊರಗಿನ ಜೊತೆಗಾರರ ಕೈಯಲ್ಲಿ. ರಾತ್ರಿ ಎರಡು ಗಂಟೆಗೆ ಬಿಟ್ಟರೂ ಜೈಲಿನ ಬಾಗಿಲಲ್ಲಿ ಕಾರು ಹಿಡಿದು ಕಾಯಲು ಒಬ್ಬರು ಬೇಕು. ಇವರ ಹೆಸರು ಯಾವ ಸುದ್ದಿಯಲ್ಲೂ ಬರುವುದಿಲ್ಲ, ಇವರಿಲ್ಲದೆ ಎರಡನೆಯ ಸೋಮವಾರಕ್ಕೆ ಯಾರೂ ಬರುವುದೂ ಇಲ್ಲ.

ಫಲ ಬೇಗ ಬರಲಿಲ್ಲ. 2013ರ ಮತದಾನ ಕಾಯ್ದೆ ಕಪ್ಪು ಮತದಾರರನ್ನು ಗುರಿಯಾಗಿಸಿತ್ತೆಂದು ಫೆಡರಲ್ ಮೇಲ್ಮನವಿ ನ್ಯಾಯಾಲಯ 2016ರಲ್ಲಿ ಅದರ ಮುಖ್ಯ ಅಂಶಗಳನ್ನು ಹೊಡೆದುಹಾಕಿತು. ಮೆಡಿಕೇಯ್ಡ್ ವಿಸ್ತರಣೆ ಜಾರಿಗೆ ಬಂದದ್ದು 2023ರ ಡಿಸೆಂಬರ್ 1ರಂದು. ಒಂದು ಬೇಸಿಗೆಯ ಪ್ರತಿಭಟನೆಗೇ ಉಸಿರು ಮುಗಿಯುವ ಚರ್ಚು ಇಂಥ ವಿಷಯಕ್ಕೆ ಕೈಹಾಕದಿರುವುದು ಒಳ್ಳೆಯದು.

ಆಶ್ರಯ ಕೊಡುವ ಸೇವೆಯ ಅಪಾಯ ಇನ್ನೊಂದು ಬಗೆಯದು. 1982ರ ಮಾರ್ಚ್ 24ರಂದು, ಎಲ್ ಸಾಲ್ವಡಾರಿನ ಆರ್ಚ್‌ಬಿಷಪ್ ರೊಮೆರೊ ಹತ್ಯೆಯಾಗಿ ಸರಿಯಾಗಿ ಎರಡು ವರ್ಷಕ್ಕೆ, ಅರಿಝೋನಾದ ಟೂಸಾನ್‌ನ ಸೌತ್‌ಸೈಡ್ ಪ್ರೆಸ್ಬಿಟೇರಿಯನ್ ಚರ್ಚು ಮಧ್ಯ ಅಮೆರಿಕದಿಂದ ಓಡಿಬಂದವರಿಗೆ ಬಹಿರಂಗವಾಗಿ ಆಶ್ರಯ ಸಾರಿತು. 1986ರಲ್ಲಿ ಅದರ ಪಾಲಕ ಜಾನ್ ಫೈಫ್ ಸೇರಿ ಎಂಟು ಮಂದಿ ತಪ್ಪಿತಸ್ಥರೆಂದು ತೀರ್ಪಾಯಿತು, ಯಾರಿಗೂ ಸೆರೆವಾಸವಾಗಲಿಲ್ಲ. ಚರ್ಚುಗಳಂಥ ಜಾಗಗಳಲ್ಲಿ ವಲಸೆ ಅಧಿಕಾರಿಗಳ ಕಾರ್ಯಾಚರಣೆಗೆ ಕಡಿವಾಣ ಹಾಕಿದ್ದ ನೀತಿ 2025ರ ಜನವರಿಯಲ್ಲಿ ರದ್ದಾದ ಮೇಲೆ ಸಭೆಗಳು ಕಟ್ಟಡವನ್ನೇ ಎರಡು ಭಾಗವಾಗಿ ಗುರುತು ಮಾಡುತ್ತಿವೆ: ಯಾರು ಬೇಕಾದರೂ ಬರಬಹುದಾದ ಆರಾಧನಾ ಸ್ಥಳ, ಅನುಮತಿ ಇದ್ದವರಿಗೆ ಮಾತ್ರ ಎಂಬ ಫಲಕವಿರುವ ಒಳಕೋಣೆಗಳು. ಬಾಗಿಲು ತೆರೆಯುವವರಿಗೆ ಕೊಡುವ ತರಬೇತಿಯ ತಿರುಳು ಒಂದೇ: ವಾರಂಟ್ ಕೇಳಿ, ಸಹಿ ನ್ಯಾಯಾಧೀಶರದೋ ಇಲಾಖೆಯ ಅಧಿಕಾರಿಯದೋ ನೋಡಿ, ವಕೀಲರಿಗೆ ಫೋನ್ ಮಾಡಿ, ಅಡ್ಡಗಟ್ಟಬೇಡಿ, ಸುಳ್ಳು ಹೇಳಬೇಡಿ.

ಗೆದ್ದ ಮೇಲೆ, ಮತ್ತು ಹಣ

ಕಾಯ್ದೆಯಾದ ಮರುದಿನದಿಂದ ಅದು ಸವೆಯಲು ಶುರುವಾಗುತ್ತದೆ. ಕೂಲಿ ಹೆಚ್ಚಿಸಿದ ಗುತ್ತಿಗೆದಾರ ಗಂಟೆ ಕಡಿಮೆ ಮಾಡಬಹುದು, ಹಾಜರಿ ಪುಸ್ತಕದಲ್ಲಿ ಒಂದು, ಸಂಬಳದ ಚೀಟಿಯಲ್ಲಿ ಇನ್ನೊಂದು ಬರೆಯಬಹುದು. ಅದಕ್ಕಾಗಿ ಬೇಡಿಕೆಯಲ್ಲೇ ಮೂರು ಅಂಶ ಸೇರಿಸಬೇಕು: ಸಂಬಳದ ದಾಖಲೆಯನ್ನು ನಗರಕ್ಕೆ ಒಪ್ಪಿಸುವ ಷರತ್ತು, ದೂರು ಕೊಟ್ಟವರನ್ನು ಕೆಲಸದಿಂದ ತೆಗೆದರೆ ದಂಡ, ಎರಡನ್ನೂ ನೋಡಿಕೊಳ್ಳಲು ಹೆಸರಿಸಿದ ಒಂದು ಕಚೇರಿ. ಊಟದ ಸರದಿಯನ್ನೂ ನಿಲ್ಲಿಸಬಾರದು. ಹೊಟ್ಟೆಗೆ ಬೇಕು ಎನ್ನುವುದು ಸರಿಯೇ; ಕಾಯ್ದೆ ಕೆಲಸ ಮಾಡುತ್ತಿದೆಯೇ ಎಂಬ ಸುದ್ದಿ ಮೊದಲು ಬರುವುದೂ ಅಲ್ಲಿಂದಲೇ.

ಇನ್ನು ದುಡ್ಡು. ಇಂಥ ಒಕ್ಕೂಟಗಳಿಗೆ ಸದಸ್ಯ ಸಭೆಗಳು ವಾರ್ಷಿಕ ಚಂದಾ ಕಟ್ಟುತ್ತವೆ; ಸಂಘಟಕರ ಸಂಬಳಕ್ಕೆ ಅದೇ ಆಧಾರ, ಸಾಲದ್ದಕ್ಕೆ ದತ್ತಿ ಅನುದಾನ. ಸರ್ಕಾರದ ಹಣವನ್ನು ಈ ಕೆಲಸಕ್ಕೆ ಮುಟ್ಟುವುದಿಲ್ಲ, ಎರಡು ಕಾರಣಕ್ಕೆ. ಫೆಡರಲ್ ಅನುದಾನದಿಂದ ಶಾಸಕರ ಮೇಲೆ ಒತ್ತಡ ತರುವ ಕೆಲಸ ಮಾಡುವಂತಿಲ್ಲ. ಅದಕ್ಕಿಂತ ಮುಖ್ಯವಾಗಿ, ಆಹಾರ ವಿತರಣೆಗೆ ನಗರದಿಂದ ಹಣ ಪಡೆಯುವ ಚರ್ಚಿನ ಹಿರಿಯರಿಗೆ ಮೇಯರ್ ಎದುರು ಗಂಟಲು ಕಟ್ಟುತ್ತದೆ, ಯಾರೂ ಬೆದರಿಸಬೇಕಾಗಿಲ್ಲ. ಅನುದಾನ ಬೇಕೇ ಬೇಕೆನ್ನುವ ಸಭೆಗಳು ಆಹಾರ ವಿತರಣೆಗೆ ಬೇರೆ ಸಂಸ್ಥೆ ನೋಂದಾಯಿಸಿ, ಬೇರೆ ಖಾತೆ, ಬೇರೆ ಆಡಳಿತ ಮಂಡಳಿ ಇಟ್ಟುಕೊಳ್ಳುತ್ತವೆ. ಎರಡೂ ಮಂಡಳಿಗಳಲ್ಲಿ ಅದೇ ಐದು ಜನ ಕೂತರೆ ಕಾಗದದ ಮೇಲಿನ ಈ ಗೋಡೆಯಿಂದ ಪ್ರಯೋಜನವಿಲ್ಲ.